ನೆನಪನ್ನು ನಂಬಿ ಇತಿಹಾಸ ಬರೆಯಬಹುದಾ?

ಪ್ರಶ್ನೆ: ಸೋವಿಯತ್ ಕಾಲ ಹೇಗಿತ್ತು ಅಂದರೆ ಕೆಲವು ಹಿರಿಯರು ‘ಆಗಲೇ ಚೆನ್ನಾಗಿತ್ತು’ ಅಂತಾರೆ, ಕೆಲವರು ಬರೀ ಹೆದರಿಕೆ ಅಂತಾರೆ. ಇಂಥ ಬಾಯಿಮಾತು ಯಾಕೆ ಬೇಕು? ಸರ್ಕಾರಿ ದಾಖಲೆಗಳಿವೆಯಲ್ವಾ?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ದಾಖಲೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಆ ಕಡತಗಳನ್ನು ಬರೆದ ಅಧಿಕಾರಿಗಳಿಗೆ ಮೇಲಿನವರನ್ನು ಮೆಚ್ಚಿಸುವ ಒತ್ತಡ ಇತ್ತು. ದಿನನಿತ್ಯದ ಬದುಕು ಅಲ್ಲಿ ಸಿಗುವುದು ಕಡಿಮೆ.

ಲೆನಿನ್‌ಗ್ರಾಡ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಕಮ್ಯುನಾಲ್ಕಾ, ಅಂದರೆ ಹಲವು ಸಂಸಾರ ಹಂಚಿಕೊಂಡಿದ್ದ ಮನೆಗಳನ್ನೇ ನೋಡಿ. ಕೋಣೆಗೊಂದು ಸಂಸಾರ, ಅಡುಗೆಮನೆ ಮತ್ತು ಟಾಯ್ಲೆಟ್ ಎಲ್ಲರಿಗೂ ಒಂದೇ. ಬೆಲ್ ಒಮ್ಮೆ ಬಾರಿಸಿದರೆ ಒಬ್ಬರ ಮನೆಗೆ ನೆಂಟರು, ಎರಡು ಸಲ ಬಾರಿಸಿದರೆ ಪಕ್ಕದ ಕೋಣೆಗೆ. ಎಷ್ಟೋ ಕಡೆ ಟಾಯ್ಲೆಟ್ಟಿನಲ್ಲಿ ಸಂಸಾರಕ್ಕೊಂದು ಬಲ್ಬು, ಅದರ ಸ್ವಿಚ್ಚು ಅವರವರ ಕೋಣೆಯೊಳಗೆ, ಯಾರ ಕರೆಂಟನ್ನೂ ಇನ್ನೊಬ್ಬರು ಉರಿಸಬಾರದು ಅಂತ. ಈ ಬಲ್ಬಿನ ಮಾತು ತೆಗೆದರೆ ಸಾಕು, ಯಾರ ಜೊತೆ ಜಗಳ ಇತ್ತು, ಯಾರು ಮಗು ನೋಡಿಕೊಂಡರು, ಯಾರೆದುರು ದನಿ ತಗ್ಗಿಸಬೇಕಿತ್ತು, ಎಲ್ಲ ತಾನಾಗಿ ಹೊರಬರುತ್ತದೆ.

‘ಚೆನ್ನಾಗಿತ್ತು’ ಅನ್ನುವುದನ್ನೂ ಸುಳ್ಳು ಅಂತ ತಳ್ಳಬೇಡಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರಲ್ಲಿ ರಷ್ಯಾ ಸರ್ಕಾರ ಬೆಲೆಗಳ ಮೇಲಿನ ಹಿಡಿತ ಸಡಿಲಿಸಿ ಬೆಲೆ ಗಗನಕ್ಕೇರಿದಾಗ ಜೀವಮಾನದ ಉಳಿತಾಯ ಕಳೆದುಕೊಂಡವರು 1970ರ ದಶಕವನ್ನು ನೆನೆಯುವಾಗ ಆ ಪೆಟ್ಟೂ ಮಾತಿನಲ್ಲಿ ಸೇರಿರುತ್ತದೆ. ಅದೂ ಇತಿಹಾಸವೇ.

ಹೆದರಿಕೆಯ ಬಗ್ಗೆ ಕೇಳುವುದು ಇನ್ನೂ ಕಷ್ಟ. 1937–38ರಲ್ಲಿ ಸ್ಟಾಲಿನ್ ಆಡಳಿತ ಲಕ್ಷಾಂತರ ಜನರನ್ನು ‘ಜನರ ಶತ್ರು’ ಅಂತ ಹಿಡಿದಾಗ ಬಂಧನವಾದವರ ಮುಖವನ್ನು ಎಷ್ಟೋ ಮನೆಗಳಲ್ಲಿ ಮನೆಯವರೇ ಫೋಟೋದಿಂದ ಕತ್ತರಿಸಿದರು, ಇಲ್ಲವೇ ಶಾಯಿ ಬಳಿದರು. ಮಕ್ಕಳಿಗೂ ಬಾಯಿ ಬಿಡಲಿಲ್ಲ. ಸುಮ್ನೆ ‘ಸ್ಟಾಲಿನ್ ಕಾಲ ಹೇಗಿತ್ತು?’ ಅಂದರೆ ಟಿವಿಯಲ್ಲಿ ಕೇಳಿದ್ದೇ ವಾಪಸ್ ಬರುತ್ತದೆ. ಆಲ್ಬಮ್ ತೆರೆಸಿ, ‘ಇಲ್ಲಿ ಯಾರಿದ್ದರು?’ ಅಂತ ಕೇಳಿ, ಆಮೇಲೆ ಅವರು ಸುಮ್ಮನಿದ್ದಷ್ಟು ಹೊತ್ತೂ ಸುಮ್ಮನಿರಿ. ಇಂಥ ನೆನಪು, ಪತ್ರ, ಫೋಟೋಗಳನ್ನು ದಶಕಗಟ್ಟಲೆ ಕೂಡಿಟ್ಟ ಮೆಮೋರಿಯಲ್ ಸಂಸ್ಥೆಯನ್ನು ಮುಚ್ಚುವಂತೆ ರಷ್ಯಾದ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಆದೇಶಿಸಿತು. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ.

ರಷ್ಯಾಕ್ಕೆ ಹೋಗದೆಯೂ ನೀವು ಶುರು ಮಾಡಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದವರು 1950–51ರಲ್ಲಿ ಸೋವಿಯತ್ ನಿರಾಶ್ರಿತರ ನೂರಾರು ಸಂದರ್ಶನ ಮಾಡಿದ್ದರು. ಅವು ಇಂಗ್ಲಿಷಿನಲ್ಲಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅವರೆಲ್ಲ ದೇಶ ಬಿಟ್ಟು ಬಂದವರು, ಸಂದರ್ಶಕರು ಅಮೆರಿಕದವರು, ಕಾಲ ಶೀತಲ ಸಮರದ್ದು. ಹಾಗಾಗಿ ರಾಜಕೀಯದ ಉತ್ತರಗಳನ್ನು ಆಮೇಲೆ ನೋಡಿ. ಸಂಬಳ, ಊಟ, ಕ್ಯೂ, ಮಕ್ಕಳ ಶಾಲೆಯ ಬಗ್ಗೆ ಹೇಳಿದ್ದನ್ನು ಮೊದಲು ಓದಿ.