ಬರೀ ಲೀಗ್ ಪಂದ್ಯಕ್ಕೆ ಇಷ್ಟೊಂದು ಗಲಾಟೆ ಏಕೆ? ಡೆಟ್ರಾಯ್ಟ್‌ಗೆ ಹೊಸದಾಗಿ ಬಂದವರಿಗೆ

ಡೆಟ್ರಾಯ್ಟ್ ಪಕ್ಕದ ನೋವೈಗೆ ಬಂದು ಮೂರು ತಿಂಗಳಾಯಿತು ಎಂದಿದ್ದೀರಿ. (ಊರಿನ ಹೆಸರು ‘ನೋವಿ’ ಅಲ್ಲ, ‘ನೋವೈ’. ಅಷ್ಟು ಸರಿಯಾಗಿ ಹೇಳಿದರೆ ಅರ್ಧ ಊರಿನವರಾದಂತೆ.) ಶುಕ್ರವಾರ ಆಫೀಸಿಗೆ ಎಲ್ಲರೂ ಇಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡ ಲಯನ್ಸ್‌ನ ನೀಲಿ ಜೆರ್ಸಿ ಹಾಕಿಕೊಂಡು ಬರುತ್ತಾರೆ, ಎದುರಾಳಿ ಪ್ಯಾಕರ್ಸ್ ಜೊತೆಗಿನ ಆಟದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಫೈನಲ್ ಅಲ್ಲ, ಸೆಮಿಫೈನಲ್ ಅಲ್ಲ, ಬರೀ ಲೀಗ್ ಪಂದ್ಯ. ಇದೊಂದು ಸೋತರೆ ಮುಂದಿನದು ಗೆದ್ದರಾಯಿತಲ್ಲ, ಇವರಿಗೇನು ಹುಚ್ಚೇ ಎಂಬುದು ನಿಮ್ಮ ಪ್ರಶ್ನೆ. ಸ್ವಲ್ಪ ಹುಚ್ಚು ಇದೆ, ಸುಳ್ಳಲ್ಲ. ಆದರೆ ಅದರ ಹಿಂದೆ ಗಟ್ಟಿ ಲೆಕ್ಕವೂ ಇದೆ.

ಮೊದಲು ತಿಳಿಯಬೇಕಾದದ್ದು: ಇಲ್ಲಿಯ ಅಂಕಪಟ್ಟಿ ಐಪಿಎಲ್‌ನ ಹಾಗೆ ಮೇಲಿಂದ ಕೆಳಕ್ಕೆ ಒಂದೇ ಪಟ್ಟಿಯಲ್ಲ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಎನ್‌ಎಫ್‌ಸಿ, ಎಎಫ್‌ಸಿ ಎಂದು ಎರಡು ಪಾಲು. ಒಂದೊಂದು ಪಾಲಿನಲ್ಲಿ 4 ಡಿವಿಷನ್. ಒಂದೊಂದು ಡಿವಿಷನ್‌ನಲ್ಲಿ 4 ತಂಡ. ಡೆಟ್ರಾಯ್ಟ್ ಲಯನ್ಸ್ ಇರುವುದು ಎನ್‌ಎಫ್‌ಸಿ ನಾರ್ತ್‌ನಲ್ಲಿ. ಜೊತೆಗಿರುವವರು ಗ್ರೀನ್ ಬೇ ಪ್ಯಾಕರ್ಸ್, ಮಿನೆಸೋಟಾ ವೈಕಿಂಗ್ಸ್, ಶಿಕಾಗೋ ಬೇರ್ಸ್. ಈ ಮೂವರನ್ನು ದಾಯಾದಿಗಳು ಎಂದುಕೊಳ್ಳಿ. ಆಸ್ತಿ ಒಂದೇ, ಹಕ್ಕುದಾರರು ನಾಲ್ವರು.

ಪ್ಲೇಆಫ್‌ಗೆ ಒಂದು ಪಾಲಿನಿಂದ 7 ತಂಡ ಹೋಗುತ್ತವೆ. 2020ರ ಸೀಸನ್‌ನಿಂದ ಹೀಗಿದೆ. 4 ಡಿವಿಷನ್‌ಗಳ ಮೊದಲಿಗರಿಗೆ 1ರಿಂದ 4ರವರೆಗಿನ ಸ್ಥಾನ. ಉಳಿದ 12 ತಂಡಗಳಲ್ಲಿ ದಾಖಲೆ (ಗೆಲುವು-ಸೋಲಿನ ಲೆಕ್ಕ) ಚೆನ್ನಾಗಿರುವ ಮೂವರಿಗೆ 5, 6, 7. ಇವರನ್ನು ವೈಲ್ಡ್ ಕಾರ್ಡ್ ಎನ್ನುತ್ತಾರೆ. ಹೊಸಬರು ಎಡವುವುದೇ ಇಲ್ಲಿ: ಡಿವಿಷನ್‌ನಲ್ಲಿ ಎರಡನೆಯವರಾದರೆ ಪ್ಲೇಆಫ್‌ನಲ್ಲೂ ಎರಡನೇ ಸ್ಥಾನ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಎಷ್ಟೇ ಗೆದ್ದಿದ್ದರೂ ಡಿವಿಷನ್ ಗೆಲ್ಲದಿದ್ದರೆ ನಿಮಗೆ ಸಿಗುವ ಅತಿ ಒಳ್ಳೆಯ ಸ್ಥಾನ 5.

2021ರಿಂದ ಪ್ರತಿ ತಂಡಕ್ಕೂ 18 ವಾರಗಳಲ್ಲಿ 17 ಆಟ. ಅದರಲ್ಲಿ 6 ದಾಯಾದಿಗಳೊಡನೆ: ಪ್ರತಿಯೊಬ್ಬರ ಜೊತೆ ಮನೆಯಲ್ಲೊಂದು, ಅವರ ಊರಲ್ಲೊಂದು. ಇನ್ನು 4 ಆಟ ತಮ್ಮದೇ ಪಾಲಿನ ಬೇರೊಂದು ಡಿವಿಷನ್ ಜೊತೆ, 4 ಆಚೆ ಪಾಲಿನ ಒಂದು ಡಿವಿಷನ್ ಜೊತೆ. ಈ 8 ಆಟಗಳಲ್ಲಿ ಲಯನ್ಸ್‌ಗೂ ಪ್ಯಾಕರ್ಸ್‌ಗೂ ಅದೇ ಎದುರಾಳಿಗಳು. ಉಳಿದ 3 ಆಟ ಮಾತ್ರ ಹಿಂದಿನ ವರ್ಷ ಯಾರು ಎಷ್ಟನೆಯವರಾದರು ಎಂಬುದನ್ನು ನೋಡಿ ಬೇರೆಬೇರೆ. ಅಂದರೆ ನಾಲ್ವರೂ ಬರೆಯುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಪತ್ರಿಕೆ. ಹಾಗಾಗಿ ಅವರ ನಡುವೆ ಅಂತರ ಹುಟ್ಟುವುದು ಬಹುಮಟ್ಟಿಗೆ ತಮ್ಮತಮ್ಮೊಳಗಿನ ಆಟಗಳಲ್ಲೇ.

ಒಂದು ಲೆಕ್ಕ ಹಾಕಿ ನೋಡಿ. ಲಯನ್ಸ್ 8-3 (8 ಗೆಲುವು, 3 ಸೋಲು), ಪ್ಯಾಕರ್ಸ್ 7-4 ಇರುವಾಗ ಇಬ್ಬರೂ ಎದುರಾಗುತ್ತಾರೆ ಎನ್ನೋಣ. ಲಯನ್ಸ್ ಗೆದ್ದರೆ 9-3, ಪ್ಯಾಕರ್ಸ್ 7-5. ಅಂತರ ಎರಡು ಆಟ. ಸೋತರೆ ಇಬ್ಬರೂ 8-4, ಅಂತರ ಸೊನ್ನೆ. ಬೇರೆ ಯಾರಿಗೋ ಸೋತಿದ್ದರೆ ಲಯನ್ಸ್ ಒಂದು ಹೆಜ್ಜೆ ಹಿಂದೆ ಬೀಳುತ್ತಿತ್ತು, ಅಷ್ಟೆ. ದಾಯಾದಿಗೆ ಸೋತರೆ ನೀವು ಇಳಿಯುತ್ತೀರಿ, ಅದೇ ಗಳಿಗೆಯಲ್ಲಿ ಅವನು ಏರುತ್ತಾನೆ. ಇದರ ಮೇಲೆ, ಆ ಸೀಸನ್‌ನ ಎರಡೂ ಮುಖಾಮುಖಿಗಳನ್ನು ಲಯನ್ಸ್ ಗೆದ್ದಿದ್ದರೆ ಸಮಬಲವಾದರೂ ಲಯನ್ಸೇ ಮೇಲೆ. ಆಗ ಉಳಿದ 5 ವಾರಗಳಲ್ಲಿ ಪ್ಯಾಕರ್ಸ್ ಎರಡಲ್ಲ, ಮೂರು ಆಟಗಳ ಅಂತರವನ್ನು ದಾಟಬೇಕು. ಆಗುವ ಮಾತಲ್ಲ ಎಂದೇ ಹೇಳಬಹುದು.

ಈಗ ಸಮಬಲದ ವಿಚಾರ. ಐಪಿಎಲ್‌ನಲ್ಲಿ ಅಂಕ ಸಮವಾದರೆ ನೆಟ್ ರನ್ ರೇಟ್ ತೀರ್ಮಾನಿಸುತ್ತದೆ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 218 ಹೊಡೆದು ಸಿಎಸ್‌ಕೆಯನ್ನು 191ಕ್ಕೆ ನಿಲ್ಲಿಸಿದಾಗ ಆದದ್ದು ಅದೇ. ಇಬ್ಬರಿಗೂ 14 ಅಂಕ. ಗೆದ್ದರೆ ಸಾಲದು, ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕಿತ್ತು. 27ರಿಂದ ಗೆದ್ದು ಆರ್‌ಸಿಬಿ ಒಳಗೆ ಹೋಯಿತು. ಆ ರಾತ್ರಿ ಬೆಂಗಳೂರು ನಿದ್ದೆ ಮಾಡಲಿಲ್ಲ ಎಂಬುದು ನೆನಪಿದ್ದರೆ ಡೆಟ್ರಾಯ್ಟ್‌ನವರ ಹುಚ್ಚು ಅರ್ಧ ಅರ್ಥವಾದಂತೆ. ಆದರೆ ಇಲ್ಲಿ ಎಷ್ಟು ಪಾಯಿಂಟ್‌ಗಳಿಂದ ಗೆದ್ದಿರಿ ಎಂಬುದು ನಿಯಮಗಳ ಪಟ್ಟಿಯಲ್ಲಿ ಬಹಳ ಕೆಳಗೆ. ಒಂದೇ ಡಿವಿಷನ್‌ನ ಇಬ್ಬರು ಸಮವಾದರೆ ಮೊದಲು ನೋಡುವುದು ಪರಸ್ಪರ ಆಟಗಳಲ್ಲಿ ಯಾರು ಹೆಚ್ಚು ಗೆದ್ದರು ಎಂದು. ಅದೂ 1-1 ಆದರೆ ಡಿವಿಷನ್‌ನ 6 ಆಟಗಳ ದಾಖಲೆ. ಆಮೇಲೆ ಇಬ್ಬರಿಗೂ ಸಮಾನ ಎದುರಾಳಿಗಳ ವಿರುದ್ಧದ ದಾಖಲೆ. ಆಮೇಲೆ ತಮ್ಮ ಪಾಲಿನ, ಅಂದರೆ ಕಾನ್ಫರೆನ್ಸ್‌ನ ದಾಖಲೆ. ಅದರಾಚೆಗೂ ಇದೆ, ಆದರೆ ಅಲ್ಲಿಯವರೆಗೆ ಹೋಗುವುದು ಅಪರೂಪ.

ಪ್ಯಾಕರ್ಸ್ ಜೊತೆಗಿನ ಒಂದು ಆಟ ನಾಲ್ಕು ಖಾತೆಗಳಲ್ಲಿ ಜಮೆಯಾಗುತ್ತದೆ: ಒಟ್ಟು ದಾಖಲೆ, ಮುಖಾಮುಖಿ, ಡಿವಿಷನ್, ಕಾನ್ಫರೆನ್ಸ್. ಎಎಫ್‌ಸಿಯ ಯಾವುದೋ ಬಲಿಷ್ಠ ತಂಡದೆದುರು ಸೋತರೆ ಕೊನೆಯ ಮೂರು ಖಾತೆಗಳಿಗೆ ಏಟಿಲ್ಲ. ಟಿವಿಯವರು ಅಂಥ ಆಟಕ್ಕೇ ಹೆಚ್ಚು ಅಬ್ಬರದ ಪ್ರಚಾರ ಕೊಡುವುದುಂಟು. ಲೆಕ್ಕ ಬಲ್ಲ ಅಭಿಮಾನಿ ಅದನ್ನು ಸೋತು ದಾಯಾದಿಯನ್ನು ಗೆದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಾನ್ಫರೆನ್ಸ್ ದಾಖಲೆ ಸಣ್ಣದೆಂದು ಬಿಡಬೇಡಿ. 2008ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 11-5 ಇದ್ದೂ ಮನೆಗೆ ಹೋಯಿತು. ಅದೇ ಡಿವಿಷನ್‌ನ ಮಯಾಮಿಯೂ 11-5, ಮುಖಾಮುಖಿ 1-1, ಕೊನೆಗೆ ಕಾನ್ಫರೆನ್ಸ್ ದಾಖಲೆಯಲ್ಲಿ ಮಯಾಮಿ ಒಂದು ಆಟ ಮುಂದೆ. ಅದಕ್ಕೆ ಎರಡು ವರ್ಷದ ಬಳಿಕ, 2010ರ ಸೀಸನ್‌ನಲ್ಲಿ, ಸಿಯಾಟಲ್ 7-9 ದಾಖಲೆಯಲ್ಲೇ ತನ್ನ ದುರ್ಬಲ ಡಿವಿಷನ್ ಗೆದ್ದು, 11-5 ಇದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಅನ್ನು ತನ್ನ ಮೈದಾನಕ್ಕೆ ಕರೆಸಿಕೊಂಡು 41-36ರಿಂದ ಸೋಲಿಸಿತು. ಅನ್ಯಾಯ ಎನ್ನಿಸುತ್ತದೆಯೇ? ಅನೇಕ ಅಮೆರಿಕನ್ನರಿಗೂ ಅನ್ನಿಸುತ್ತದೆ. ನಿಯಮ ಮಾತ್ರ ಹಾಗೇ ಇದೆ.

ನಮ್ಮ ಡೆಟ್ರಾಯ್ಟ್‌ನದೇ ಉದಾಹರಣೆ ಬೇಕಾದರೆ 2025ರ ಜನವರಿ 5ರ ಆಟಕ್ಕಿಂತ ಒಳ್ಳೆಯದಿಲ್ಲ. ಸೀಸನ್‌ನ ಕಟ್ಟಕಡೆಯ ಲೀಗ್ ಪಂದ್ಯ. ಲಯನ್ಸ್ 14-2, ವೈಕಿಂಗ್ಸ್ 14-2. ಇಬ್ಬರೂ ಪ್ಲೇಆಫ್ ತಲುಪಿ ಆಗಿತ್ತು. ಹಾಗಿದ್ದರೂ ಗೆದ್ದವನಿಗೆ 1ನೇ ಸ್ಥಾನ, ಸೋತವನಿಗೆ 5ನೆಯದು. ನಡುವಿನ ಮೆಟ್ಟಿಲೇ ಇಲ್ಲ. ಲಯನ್ಸ್ 31-9ರಿಂದ ಗೆದ್ದಿತು. 14-3 ಆದ ವೈಕಿಂಗ್ಸ್‌ಗೆ 5ನೇ ಸ್ಥಾನ. ಅದೇ 14-3 ದಾಖಲೆಯ ಫಿಲಡೆಲ್ಫಿಯಾ ಈಗಲ್ಸ್‌ಗೆ, ತನ್ನ ಡಿವಿಷನ್ ಗೆದ್ದದ್ದರಿಂದ, 2ನೇ ಸ್ಥಾನ. ವೈಕಿಂಗ್ಸ್ ಮೊದಲ ಸುತ್ತಿನಲ್ಲೇ 10-7 ದಾಖಲೆಯ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಅತಿಥಿಯಾಗಬೇಕಾಯಿತು (ಕಾಡ್ಗಿಚ್ಚಿನಿಂದಾಗಿ ಆಟವನ್ನು ಅರಿಜೋನಾಗೆ ಸಾಗಿಸಿದರು), 27-9ರಿಂದ ಸೋತು ಹೋಯಿತು. ಈಗಲ್ಸ್ ಆ ವರ್ಷದ ಫೈನಲ್, ಅಂದರೆ ಸೂಪರ್ ಬೌಲನ್ನೇ ಗೆದ್ದಿತು.

1ನೇ ಸ್ಥಾನಕ್ಕೆ ಏಕಿಷ್ಟು ಬೆಲೆ? ಏಳರಲ್ಲಿ ಅವರೊಬ್ಬರಿಗೇ ಮೊದಲ ವಾರ ರಜೆ. 2ಕ್ಕೆ 7, 3ಕ್ಕೆ 6, 4ಕ್ಕೆ 5 ಎದುರಾಳಿ. ಆಮೇಲೆ ಉಳಿದವರಲ್ಲಿ ಅತಿ ಕೆಳಗಿನ ಸ್ಥಾನದವರು 1ನೆಯವರ ಮೈದಾನಕ್ಕೆ ಬರುತ್ತಾರೆ. ಸೂಪರ್ ಬೌಲ್ ಒಂದನ್ನು ಬಿಟ್ಟು ಎಲ್ಲವೂ ಮೇಲಿನ ಸ್ಥಾನದವರ ಮನೆಯಲ್ಲೇ, ಎಲ್ಲವೂ ಒಂದೇ ಆಟದಲ್ಲಿ ಇತ್ಯರ್ಥ. 17 ವಾರ ಮೈ ಮುರಿಸಿಕೊಂಡ ಆಟಗಾರರಿಗೆ ಒಂದು ವಾರದ ವಿಶ್ರಾಂತಿ ಔಷಧಿ ಇದ್ದಂತೆ. ಖಾತ್ರಿಯಲ್ಲ, ಅದು ಬೇರೆ ಮಾತು: ಅಷ್ಟೆಲ್ಲ ಗಳಿಸಿದ ಲಯನ್ಸ್ ತನ್ನ ಮನೆಯ ಮೊದಲ ಆಟದಲ್ಲೇ ವಾಷಿಂಗ್ಟನ್‌ಗೆ 45-31ರಿಂದ ಸೋತಿತು. ಆ ವಿಷಯ ಆಫೀಸಿನಲ್ಲಿ ನೀವಾಗಿ ಎತ್ತದಿರುವುದು ಒಳ್ಳೆಯದು.

ತನಗೇನೂ ಉಳಿಯದಿದ್ದಾಗಲೂ ದಾಯಾದಿಯ ದಾರಿಗೆ ಅಡ್ಡ ಬರುವುದೂ ಇಲ್ಲಿ ದೊಡ್ಡ ಸಂಭ್ರಮ. 2023ರ ಜನವರಿ 8ರ ರಾತ್ರಿ ಲಯನ್ಸ್ ಗ್ರೀನ್ ಬೇಯಲ್ಲಿ ಆಡಿತು. ಅದಕ್ಕೆ ಕೆಲವೇ ಗಂಟೆ ಮುಂಚೆ ಸಿಯಾಟಲ್ ತನ್ನ ಆಟ ಗೆದ್ದು 9-8 ಆಗಿತ್ತು. ಲಯನ್ಸ್ ಗೆದ್ದರೂ 9-8ಕ್ಕೆ ಸಮ, ಆದರೆ ಅಕ್ಟೋಬರ್‌ನಲ್ಲಿ ಸಿಯಾಟಲ್‌ಗೆ 48-45ರಿಂದ ಸೋತಿದ್ದರಿಂದ ಮುಖಾಮುಖಿಯಲ್ಲಿ ಹಿಂದೆ. ಹಾಗಾಗಿ ಆಟ ಶುರುವಾಗುವ ಮೊದಲೇ ಡೆಟ್ರಾಯ್ಟ್ ಹೊರಗೆ. ಪ್ಯಾಕರ್ಸ್ ಮಾತ್ರ ಗೆದ್ದರೆ ಒಳಗೆ. ಲಯನ್ಸ್ 20-16ರಿಂದ ಗೆದ್ದು ಪ್ಯಾಕರ್ಸ್‌ನ ಬಾಗಿಲು ಮುಚ್ಚಿತು, 7ನೇ ಸ್ಥಾನ ಸಿಯಾಟಲ್‌ಗೆ ಹೋಯಿತು. ‘ತನಗಿಲ್ಲದಿದ್ದರೂ ಅವನಿಗೂ ಇಲ್ಲ’ ಎಂಬ ಆ ಗೆಲುವನ್ನು ಈ ಊರು ಇನ್ನೂ ಮೆಲುಕು ಹಾಕುತ್ತದೆ.

ದಾಯಾದಿಯ ಆಟವೆಲ್ಲ ಯಾವಾಗಲೂ ನಿರ್ಣಾಯಕ ಎಂದಲ್ಲ. ಡಿವಿಷನ್ ಗೆದ್ದು ಸ್ಥಾನವೂ ಅಲುಗಾಡದಂತಾದರೆ ಕೊನೆಯ ವಾರ ಕೋಚ್ ಮುಖ್ಯ ಆಟಗಾರರನ್ನು ಬೆಂಚಿನಲ್ಲಿ ಕೂರಿಸುತ್ತಾನೆ. ಆ ಆಟ ನೋಡಲು ದುಬಾರಿ ಟಿಕೆಟ್ ತೆಗೆದುಕೊಂಡವರ ಮುಖ ನೋಡಬೇಕು. ಸೆಪ್ಟೆಂಬರ್‌ನಲ್ಲಿ ಆದ ದಾಯಾದಿ ಆಟದ ಬೆಲೆಯೂ ಆಗ ಕಾಣುವುದಿಲ್ಲ, ಡಿಸೆಂಬರ್‌ನಲ್ಲಿ ಸಮಬಲವಾದಾಗ ತಲೆ ಎತ್ತುತ್ತದೆ.

ಹಾಗಾಗಿ ಅಂಕಪಟ್ಟಿ ನೋಡುವಾಗ ಗೆಲುವು, ಸೋಲು, ಟೈ ಎಂಬ ಮೊದಲ ಮೂರು ಅಂಕಣಕ್ಕೇ ನಿಲ್ಲಬೇಡಿ. (ಟೈ ಅಪರೂಪ, ಅದನ್ನು ಅರ್ಧ ಗೆಲುವು, ಅರ್ಧ ಸೋಲು ಎಂದು ಲೆಕ್ಕ ಹಿಡಿಯುತ್ತಾರೆ.) ಬಲಕ್ಕೆ ಡಿವಿಷನ್, ಕಾನ್ಫರೆನ್ಸ್ ಎಂಬ ಎರಡು ಅಂಕಣಗಳಿವೆ. ಅಲ್ಲಿ 4-1, 2-3 ಹೀಗೆ ಕಾಣುವುದೇ ನವೆಂಬರ್ ನಂತರ ಓದಬೇಕಾದ ಸಂಖ್ಯೆ. ಹೊಡೆದ ಪಾಯಿಂಟ್, ಬಿಟ್ಟುಕೊಟ್ಟ ಪಾಯಿಂಟ್‌ಗಳ ಅಂಕಣವನ್ನು ರನ್ ರೇಟ್ ಎಂದುಕೊಂಡು ಲೆಕ್ಕ ಹಾಕಲು ಕೂರಬೇಡಿ. ಬೇರೆ ಡಿವಿಷನ್‌ನವರೊಡನೆ ವೈಲ್ಡ್ ಕಾರ್ಡ್‌ಗಾಗಿ ಸಮವಾದರೆ ಕ್ರಮ ಸ್ವಲ್ಪ ಬೇರೆ: ಪರಸ್ಪರ ಆಡಿದ್ದರೆ ಅದು, ಇಲ್ಲದಿದ್ದರೆ ನೇರವಾಗಿ ಕಾನ್ಫರೆನ್ಸ್ ದಾಖಲೆ. ಆದರೆ ಅದಕ್ಕೂ ಮುಂಚೆ ಒಂದೇ ಡಿವಿಷನ್‌ನ ಇಬ್ಬರು ಆ ಗುಂಪಿನಲ್ಲಿದ್ದರೆ, ಅವರೊಳಗಿನ ಜಗಳ ತೀರಿದ ಮೇಲೆ ಒಬ್ಬನನ್ನೇ ಮುಂದೆ ಕಳಿಸುತ್ತಾರೆ. ಅಲ್ಲೂ ಮತ್ತೆ ದಾಯಾದಿ ಲೆಕ್ಕವೇ.

ನೋಡುವುದು ಹೇಗೆಂದೂ ಕೇಳಿದ್ದೀರಿ. ಲಯನ್ಸ್ ಆಟಗಳಿಗಾಗಿ ಸಂಡೇ ಟಿಕೆಟ್ ಎಂಬ ಟಿವಿ ಚಂದಾ ಕಟ್ಟಬೇಡಿ. ಅದು ಬೇರೆ ಊರಿನ ತಂಡಗಳ ಅಭಿಮಾನಿಗಳಿಗೆ. ಒಂದು ಒಳಾಂಗಣ ಆಂಟೆನಾ ಸಾಕು. ಡೆಟ್ರಾಯ್ಟ್‌ನಲ್ಲಿ ಫಾಕ್ಸ್ 2ರಲ್ಲಿ, ಎನ್‌ಬಿಸಿ 4ರಲ್ಲಿ, ಎಬಿಸಿ 7ರಲ್ಲಿ, ಸಿಬಿಎಸ್ 62ರಲ್ಲಿ ಬರುತ್ತವೆ. ಟವರ್‌ಗಳು ಸೌತ್‌ಫೀಲ್ಡ್ ಕಡೆ ಇರುವುದರಿಂದ ನೋವೈನಲ್ಲಿ ಆಂಟೆನಾವನ್ನು ಪೂರ್ವದ ಕಿಟಕಿಗೆ ಅಂಟಿಸಿ ಚಾನೆಲ್ ಸ್ಕ್ಯಾನ್ ಮಾಡಿ. ಗುರುವಾರದ ಆಟ ಪ್ರೈಮ್‌ನಲ್ಲಿದ್ದರೂ ಸ್ಥಳೀಯ ತಂಡದ್ದಾದರೆ ಇಲ್ಲಿನ ಒಂದು ಚಾನೆಲ್‌ನಲ್ಲೂ ಬರುತ್ತದೆ. ಆಟದ ಗಡಿಯಾರ 60 ನಿಮಿಷ, ನಿಮ್ಮ ಗಡಿಯಾರದಲ್ಲಿ ಮೂರು ಗಂಟೆಗೂ ಮೇಲೆ; ಮಧ್ಯಾಹ್ನ 1ಕ್ಕೆ ಶುರುವಾದದ್ದು 4 ದಾಟುತ್ತದೆ. ಥ್ಯಾಂಕ್ಸ್‌ಗಿವಿಂಗ್ ಗುರುವಾರ ಮಧ್ಯಾಹ್ನ ಲಯನ್ಸ್ ಮನೆಯಲ್ಲಾಡುವುದು 1934ರಲ್ಲಿ ಶುರುವಾದ ರೂಢಿ. ಆ ಹೊತ್ತಿಗೆ ಯಾರಾದರೂ ಊಟಕ್ಕೆ ಕರೆದರೆ ಟಿವಿ ಹಾಕಿಯೇ ಇರುತ್ತದೆ, ಬೇಸರ ಪಟ್ಟುಕೊಳ್ಳಬೇಡಿ.

ಲಯನ್ಸ್‌ನ ಮೈದಾನ ಫೋರ್ಡ್ ಫೀಲ್ಡ್‌ಗೇ ಹೋಗಿ ನೋಡುವುದಾದರೆ ಛಾವಣಿ ಇದೆ, ಚಳಿಯ ಚಿಂತೆ ಬೇಡ. ಬ್ಯಾಗ್ ಪಾರದರ್ಶಕವಾಗಿರಬೇಕು, 12 ಇಂಚು ಉದ್ದ, 12 ಎತ್ತರ, 6 ಅಗಲ ಮೀರಬಾರದು; ಒಂದು ಗ್ಯಾಲನ್‌ನ ಜಿಪ್ ಚೀಲವೂ ನಡೆಯುತ್ತದೆ. ಲ್ಯಾಪ್‌ಟಾಪ್ ಬ್ಯಾಗ್ ಹಿಡಿದು ಆಫೀಸಿನಿಂದ ನೇರ ಹೋದರೆ ಬಾಗಿಲಿನಿಂದಲೇ ವಾಪಸ್. ಇನ್ನೊಂದು ವಿಷಯ: 18ನೇ ವಾರ ಎಲ್ಲರೂ ಡಿವಿಷನ್‌ನೊಳಗೇ ಆಡುತ್ತಾರೆ; ಆದರೆ ಆ ಆಟ ಶನಿವಾರವೋ ಭಾನುವಾರವೋ, ಎಷ್ಟು ಗಂಟೆಗೋ ಎಂಬುದು 17ನೇ ವಾರದ ಫಲಿತಾಂಶ ನೋಡಿದ ಮೇಲೆ ನಿಗದಿಯಾಗುತ್ತದೆ. ಊರಿನಿಂದ ಬರುವ ನೆಂಟರನ್ನು ಆ ಆಟಕ್ಕೆ ಕರೆದೊಯ್ಯುವ ಆಸೆಯಿದ್ದರೆ, ಅವರ ವಾಪಸ್ ವಿಮಾನವನ್ನು ಸೋಮವಾರಕ್ಕಿಂತ ಮುಂಚೆ ಇಡಬೇಡಿ.