ಮೈಲಾಯ್ಡ್ ಕೋಶಗಳ ಸಂಶೋಧನೆಗೆ ಪುಣೆಯೋ ಖಾರ್ಘರೋ?

ನಮಸ್ಕಾರ. ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳ ಮೇಲೆ ಪಿಎಚ್.ಡಿ. ಮುಗಿಸುತ್ತಿರುವ ತಾವು, ಕ್ಯಾನ್ಸರ್ ಗಡ್ಡೆಯ ವಿರುದ್ಧ ದೇಹದ ರೋಗನಿರೋಧ ಕುರಿತ ಪೋಸ್ಟ್‌ಡಾಕ್ಟರಲ್ ಸಂಶೋಧನೆಗೆ ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ಲೇಸೋ, ನವಿ ಮುಂಬಯಿಯ ಖಾರ್ಘರಿನಲ್ಲಿರುವ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಲೇಸೋ ಎಂದು ಕೇಳಿದ್ದೀರಿ. ಸಂಸ್ಥೆಯ ಹೆಸರಿಗಿಂತ ಮೊದಲು, ತಮ್ಮ ಪ್ರಶ್ನೆಗೆ ಎಂಥ ಮಾದರಿ ಬೇಕೆಂಬುದನ್ನು ನಿರ್ಧರಿಸಿಕೊಳ್ಳಿ. ಮೈಲಾಯ್ಡ್ ಕೋಶಗಳು (ಮ್ಯಾಕ್ರೋಫೇಜ್, ನ್ಯೂಟ್ರೋಫಿಲ್‌ಗಳಂಥ ರಕ್ಷಕ ಕೋಶಗಳು) ಆರ್ಜಿನೇಸ್ ಕಿಣ್ವದಿಂದ ಸುತ್ತಲಿನ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಬರಿದುಮಾಡಿ, ಗಡ್ಡೆಯ ವಿರುದ್ಧ ಹೋರಾಡುವ ಟಿ ಕೋಶಗಳನ್ನು ಹೇಗೆ ಸೊರಗಿಸುತ್ತವೆ ಎಂಬಂಥದನ್ನು ಇಲಿಗಳಲ್ಲಿ ನೋಡುವುದಾದರೆ ಪುಣೆ ಧಾರಾಳವಾಗಿ ಸಾಕು; ರೋಗಿಗಳ ಅಂಗಾಂಶವೇ ಬೇಕೆಂದರೆ, ಟಾಟಾ ಸ್ಮಾರಕ ಕೇಂದ್ರದ ಅಂಗವಾಗಿದ್ದು ಆಸ್ಪತ್ರೆ, ಪ್ರಯೋಗಾಲಯಗಳೆರಡನ್ನೂ ಒಂದೇ ಆವರಣದಲ್ಲಿ ಹೊಂದಿರುವ ಆಕ್ಟ್ರೆಕ್ ಕಡೆಗೇ ನನ್ನ ಒಲವು. ಇದು ಸಣ್ಣ ಅನುಕೂಲವಲ್ಲ. ನ್ಯೂಟ್ರೋಫಿಲ್‌ಗಳು ಘನೀಕರಿಸಿ ಇಟ್ಟರೆ ಸರಿಯಾಗಿ ಉಳಿಯುವುದಿಲ್ಲವಾದ್ದರಿಂದ, ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಬಂದ ತುಣುಕನ್ನು ಕೆಲವೇ ಗಂಟೆಗಳೊಳಗೆ ಬಿಡಿ ಕೋಶಗಳಾಗಿಸಿ ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಯಂತ್ರವಾದ ಫ್ಲೋ ಸೈಟೋಮೀಟರಿಗೆ ಒಯ್ಯಬೇಕಾಗುತ್ತದೆ. ಮುಂಬಯಿಯಿಂದ ಖಾರ್ಘರಿನತ್ತ ಬರುವ ಸಯನ್–ಪನ್ವೇಲ್ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಸಿಕ್ಕಿಕೊಂಡವರಿಗೆ, ಆಸ್ಪತ್ರೆ ಪಕ್ಕದಲ್ಲೇ ಇರುವುದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ವೇತನಕ್ಕೆ ಯೋಜನೆಯ ಹುದ್ದೆಯನ್ನೇ ಕಾಯಬೇಡಿ. 2 ವರ್ಷಗಳ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ಪಿಗೂ ಅರ್ಜಿ ಹಾಕಿ. ಅದಕ್ಕೆ ಮಾರ್ಗದರ್ಶಕರ ಒಪ್ಪಿಗೆ ಮೊದಲೇ ಬೇಕು. ಅವರಿಗೆ ಬರೆಯುವಾಗ ಬರಿಯ ಬಯೋಡೇಟಾ ಕಳಿಸದೆ, ಕೋಶದ ಮೇಲ್ಮೈಯಲ್ಲಿರುವ ಸಿಡಿ14, ಸಿಡಿ15ರಂಥ ಯಾವ ಗುರುತುಗಳಿಂದ ಯಾವ ಕೋಶಗಳನ್ನು ಬೇರ್ಪಡಿಸಿ ಏನನ್ನು ಅಳೆಯುವಿರಿ ಎಂಬುದನ್ನು ಅರ್ಧ ಪುಟದಲ್ಲಿ ತಿಳಿಸಿ.