ನಿಮ್ಮ ಮನೆಗೆ ಇನ್ನೂ ಏಪ್ರಿಲ್ ಬಂದಿಲ್ಲ

ಅಕ್ಕಾ, ನನಗೆ 38 ವರ್ಷ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಮಗಳಿಗೆ 13, ಮಗನಿಗೆ 10, ಚಿಕ್ಕವಳಿಗೆ 6. ಏಳು ವರ್ಷದಿಂದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದೇನೆ. ದೇವರು ಒಪ್ಪಿಸಿದ ಕೆಲಸ ಅಂತಲೇ ಶುರುಮಾಡಿದ್ದು. ಈಗ ಮನೆಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಬರೆದು ಮುಗಿಸಿದ ಎ.ಸಿ.ಇ. (ಆಕ್ಸಿಲರೇಟೆಡ್ ಕ್ರಿಶ್ಚಿಯನ್ ಎಜುಕೇಶನ್ ಅನ್ನುವ ಕ್ರೈಸ್ತ ಪಠ್ಯಕ್ರಮ) ಪುಸ್ತಕಗಳು, ಸಂಡೇ ಸ್ಕೂಲಿನ ಚಾರ್ಟುಗಳು, ಅಮೆರಿಕದಿಂದ ನಾದಿನಿ ಕಳಿಸಿದ ಪುಸ್ತಕದ ಪೆಟ್ಟಿಗೆಗಳು, ಮಂಗಳೂರಿನಿಂದ ನಮ್ಮ ಜೊತೆ ಇರಲು ಬಂದ ಅತ್ತೆಯವರ ಎರಡು ಟ್ರಂಕು. ಒಂದು ಲೆಕ್ಕದ ಪುಸ್ತಕ ತೆಗೆದರೆ ದೊಡ್ಡವಳು ಚಿಕ್ಕಂದಿನಲ್ಲಿ ತಿರುಗಿಸಿ ಬರೆದ 7 ಕಾಣುತ್ತದೆ. ಮುಚ್ಚಿ ಮತ್ತೆ ಅಲ್ಲೇ ಇಡುತ್ತೇನೆ. ಶುಕ್ರವಾರ ನಮ್ಮಲ್ಲಿ ನಡೆಯುತ್ತಿದ್ದ ಪ್ರಾರ್ಥನೆಯ ಮನೆಕೂಟವನ್ನು ನಾಚಿಕೆಯಿಂದ ನಿಲ್ಲಿಸಿ ಎಂಟು ತಿಂಗಳಾಯಿತು. ಹೋದ ತಿಂಗಳು ಮಕ್ಕಳು ಮಲಗಿದ ಮೇಲೆ ಒಂದು ಚೀಲ ತುಂಬಿ ಒಣಕಸಕ್ಕೆ ಇಟ್ಟೆ. ಬೆಳಿಗ್ಗೆ ಮಗ ಅದರಲ್ಲಿ ತನ್ನ ರಟ್ಟಿನ ನೋಹನ ನಾವೆ ಕಂಡು ತುಂಬಾ ಅತ್ತ. ಮಿಕ್ಕ ತುಂಡುಗಳನ್ನೂ ಕೂಡಿಸಿಡಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಅನ್ನುತ್ತಾರೆ ಅತ್ತೆ. ಎಲ್ಲಾ ಎತ್ತಿ ಬಿಸಾಕು ಅನ್ನುತ್ತಾರೆ ಗಂಡ. ಶಾಲೆಗೆ ಕಳಿಸಿದ್ದರೆ ಈ ಗತಿ ಬರುತ್ತಿತ್ತಾ ಅನ್ನುತ್ತಾಳೆ ನನ್ನ ಅಕ್ಕ. ಇಟ್ಟುಕೊಂಡರೆ ದುರಾಸೆ, ಎಸೆದರೆ ದೇವರು ಕೊಟ್ಟದ್ದಕ್ಕೆ ಬೆಲೆ ಕೊಡದ ಹಾಗೆ. ನಾನೇನು ಮಾಡಲಿ?

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಾಮಾನಿನ ರಾಶಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನಿಂತುಹೋದ ಆ ಶುಕ್ರವಾರಗಳು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ನಿಮ್ಮ ಮನೆ ಹೀಗಾಗಿದ್ದು ನಿಮ್ಮ ಸೋಮಾರಿತನದಿಂದಲ್ಲ. ಒಂದು ಲೆಕ್ಕ ಹಾಕೋಣ. ನೀವು ಬಳಸುವ ಪಠ್ಯದಲ್ಲಿ ಒಂದು ವಿಷಯಕ್ಕೆ ವರ್ಷಕ್ಕೆ 12 ಪುಸ್ತಕ. ಐದೇ ವಿಷಯ ಅಂತ ಹಿಡಿದರೂ ಒಂದು ಮಗುವಿಗೆ ವರ್ಷಕ್ಕೆ 60. ದೊಡ್ಡವಳದ್ದು ಏಳು ವರ್ಷ, ಮಗನದ್ದು ನಾಲ್ಕು, ಚಿಕ್ಕವಳದ್ದು ಈಗಷ್ಟೇ ಒಂದು ಅಂದುಕೊಳ್ಳಿ. ಒಟ್ಟು 720 ಪುಸ್ತಕ! ಪುಸ್ತಕದ ಒಳಗೇ ಉತ್ತರ ಬರೆಯಬೇಕಾದ್ದರಿಂದ ತಮ್ಮನಿಗೋ ತಂಗಿಗೋ ಅದು ಮತ್ತೆ ಬರುವುದಿಲ್ಲ. ಎರಡು ಬೆಡ್‌ರೂಮಿನ ಯಾವ ಮನೆ ತಾನೇ ಇದನ್ನು ತಡೆದೀತು?

ಇನ್ನು ಶಾಲೆಗಳಲ್ಲಿ ಏನಾಗುತ್ತದೆ ನೋಡಿ. ಏಪ್ರಿಲ್ ಬಂತು ಅಂದರೆ ಪರೀಕ್ಷೆ ಮುಗಿಯುತ್ತದೆ. ಗೋಡೆಯ ಚಾರ್ಟುಗಳು ಇಳಿಯುತ್ತವೆ. ಮಕ್ಕಳು ಚೀಲ ಖಾಲಿ ಮಾಡುತ್ತಾರೆ, ಹೋದ ವರ್ಷದ ಪಠ್ಯ ಪಕ್ಕದ ಮನೆಯ ಕಿರಿಯರಿಗೆ ಹೋಗುತ್ತದೆ, ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆ ಹರಿದು ರಫ್ ಪುಸ್ತಕ ಹೊಲಿಯುತ್ತಾರೆ. ಆಮೇಲೆ ರಜೆ. ಶಾಲೆಯ ಪಾಠವನ್ನು ನೀವು ಮನೆಗೆ ತಂದಿರಿ, ಆದರೆ ಶಾಲೆಯ ಏಪ್ರಿಲ್ ಅನ್ನು ತರಲಿಲ್ಲ. ಒಂದು ವರ್ಷದ ಬಾಲ ಇನ್ನೊಂದು ವರ್ಷದ ತಲೆಗೆ ಅಂಟಿಕೊಂಡು ಏಳು ವರ್ಷ ಒಂದೇ ವರ್ಷವಾಗಿ ನಿಮ್ಮ ಊಟದ ಟೇಬಲ್ ಮೇಲೆ ಕೂತಿದೆ. ಹಾಗಾಗಿ ನಿಮ್ಮ ಅಕ್ಕನ ಮಾತಿಗೆ ಈಗ ಕಿವಿಗೊಡಬೇಡಿ. ಶಾಲೆಗೆ ಕಳಿಸಬೇಕೋ ಬೇಡವೋ ಅನ್ನೋದು ಬೇರೆಯೇ ಪ್ರಶ್ನೆ. ಅದನ್ನು ಮಕ್ಕಳ ಮುಖ ನೋಡಿ ಕೇಳಿಕೊಳ್ಳಿ, ಕಪಾಟು ನೋಡಿ ಬೇಡ.

ಈಗ ದುರಾಸೆ, ಕೃತಜ್ಞತೆಯ ವಿಷಯ. ನೀವು ಸತ್ಯವೇದ (ಬೈಬಲ್) ಓದುವವರು. ವಿಮೋಚನಕಾಂಡದ 16ನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬಿದ್ದಾಗ ದಿನದ ಪಾಲು ದಿನಕ್ಕೆ ಕೂಡಿಸಿ ಎಂದು ಹೇಳಲಾಯಿತು. ಕೆಲವರು ಬೆಳಗಿನ ತನಕ ಉಳಿಸಿಕೊಂಡರು, ಹುಳ ಬಿದ್ದು ನಾತ ಹೊಡೆಯಿತು. ಈ ಭಾಗ ಎಲ್ಲರಿಗೂ ನೆನಪಿದೆ. ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಮಾತಿದೆ. ಒಂದು ಪಾತ್ರೆಯಲ್ಲಿ ಒಂದು ಅಳತೆ ಮನ್ನ ತುಂಬಿ, ಮುಂದಿನ ತಲೆಮಾರಿನವರು ನೋಡಲಿ ಅಂತ ದೇವರ ಮುಂದೆ ಇಡಲು ಮೋಶೆ ಆರೋನನಿಗೆ ಹೇಳುತ್ತಾನೆ. ಅವರು ತಿಂದದ್ದು 40 ವರ್ಷ. ನೆನಪಿಗೆಂದು ಇಟ್ಟದ್ದು ಒಂದು ಪಾತ್ರೆ.

ನಿಮ್ಮ ಎರಡೂ ಭಯಕ್ಕೆ ನನಗೆ ಅಲ್ಲೇ ಉತ್ತರ ಕಾಣುತ್ತದೆ. ಎಸೆದರೆ ಆ ವರ್ಷಗಳನ್ನೇ ಎಸೆದ ಹಾಗೆ ಅಂತ ನಿಮಗೆ ಅನಿಸುತ್ತಿದೆ, ಅಲ್ವಾ? ಆದರೆ ಆ 720 ಪುಸ್ತಕದ ಊಟ ಆಗಿಹೋಗಿದೆ ತಂಗಿ. ಅದು ನಿಮ್ಮ ಮಗಳ ಮೈಗೆ ಹತ್ತಿದೆ. ಇವತ್ತು ಅವಳು 7 ಅನ್ನು ನೆಟ್ಟಗೆ ಬರೆಯುತ್ತಾಳೆ. ತಿರುಗಿದ 7 ಇರುವ ಪುಸ್ತಕವನ್ನು ಖಂಡಿತ ಇಟ್ಟುಕೊಳ್ಳಿ. ಅದೇ ನಿಮ್ಮ ಪಾತ್ರೆಯೊಳಗಿನ ಮನ್ನ. ಉಳಿದದ್ದು ಹೋಗಲಿ.

ಅತ್ತೆಯವರು ಹೇಳಿದ ತುಂಡುಗಳ ಮಾತೂ ನಿಜವೇ. ಯೋಹಾನನ ಸುವಾರ್ತೆಯಲ್ಲಿ, ಯೇಸು ಜನರಿಗೆ ಊಟ ಕೊಟ್ಟ ಮೇಲೆ ಮಿಕ್ಕದ್ದರಿಂದ ಹನ್ನೆರಡು ಪುಟ್ಟಿ ತುಂಬಿದವು. ಆದರೆ ಅವು ರೊಟ್ಟಿಯ ತುಂಡುಗಳು, ಇನ್ನೂ ಯಾರಾದರೂ ತಿನ್ನಬಹುದಾಗಿದ್ದವು. ನಿಮ್ಮ ಮನೆಯಲ್ಲೂ ಅಂಥವು ಇವೆ. ನಾದಿನಿ ಕಳಿಸಿದ ಕಥೆ ಪುಸ್ತಕಗಳು, ಒಳಗೆ ಬರೆಯದ ಪಠ್ಯಗಳು, ಭೂಪಟ, ಗ್ಲೋಬು. ಚಿಕ್ಕವಳಿಗೆ ಬೇಕಾದದ್ದು ಇರಲಿ, ಮಿಕ್ಕದ್ದು ಮನೆಪಾಠ ಮಾಡುವ ಇನ್ನೊಂದು ಕುಟುಂಬಕ್ಕೋ ಸಭೆಯ (ಚರ್ಚಿನ) ಮಕ್ಕಳಿಗೋ ಹೋಗಲಿ. ಒಂದೇ ಒಂದು ಎಚ್ಚರಿಕೆ. ಮುರಿದ ಕ್ರೇಯಾನು, ಹಾಳೆ ಕಿತ್ತ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ಸಂಡೇ ಸ್ಕೂಲಿಗೆ ಕೊಡಬೇಡಿ. ಕುಂಟು ಕುರಿಯನ್ನು ಬಲಿಗೆ ತಂದವರನ್ನು ಮಲಾಕಿ ಪ್ರವಾದಿ 'ಅದನ್ನೇ ನಿಮ್ಮ ಅಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನಾ?' ಅಂತ ಕೇಳಿದ್ದು ನಿಮಗೆ ಗೊತ್ತಿದೆ. ನಮಗೆ ಬೇಡವಾದ ಕಸವನ್ನು ಇನ್ನೊಬ್ಬರು ವಿಂಗಡಿಸುವ ಹಾಗೆ ಮಾಡುವುದು ಅವರಿಗೆ ನೋವಿನ ಕೆಲಸ. ಎಷ್ಟೋ ಸಭೆಗಳ ಹಿಂದಿನ ಕೋಣೆಯಲ್ಲಿ ಅಂಥ ಚೀಲಗಳು ಬಿದ್ದಿರುವುದನ್ನು ನಾನು ನೋಡಿದ್ದೇನೆ.

ದಾಖಲೆಗೆ ಬೇಕಾದೀತು ಅನ್ನುವ ಹೆದರಿಕೆಯೂ ನಿಮ್ಮೊಳಗೆ ಎಲ್ಲೋ ಇರಬೇಕು. ಮನೆಪಾಠ ಮಾಡುವ ತಾಯಂದಿರಿಗೆಲ್ಲ ಅದು ಇರುತ್ತದೆ. ಮಗಳಿಗೆ 14 ತುಂಬಿದರೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೇ ತರಗತಿಗೆ ಸೇರಿಸಬಹುದು. ಅಲ್ಲಿ ಕೇಳುವುದು ಹುಟ್ಟಿದ ದಿನಾಂಕದ ದಾಖಲೆ, ಗುರುತು ಮತ್ತು ವಿಳಾಸದ ಕಾಗದ, ಫೋಟೊ ಇಂಥವು. ಎಂಟನೆಯದು ಪಾಸಾದ ಕಾಗದ ಇಲ್ಲದಿದ್ದರೆ, ಹತ್ತನೆಯದನ್ನು ಓದುವಷ್ಟು ಕಲಿತಿದ್ದೇನೆ ಎಂಬ ಸ್ವಯಂ ಘೋಷಣೆ ಕೊಡಬಹುದು. ಸೇರಿಸುವ ವರ್ಷದ ಪ್ರಾಸ್ಪೆಕ್ಟಸ್ ಒಮ್ಮೆ ನೋಡಿಕೊಳ್ಳಿ. ಎರಡನೇ ತರಗತಿಯ ವಿಜ್ಞಾನದ ಪುಸ್ತಕವನ್ನು ಯಾರೂ ಕೇಳುವುದಿಲ್ಲ. ನಿಮ್ಮ ಸಮಾಧಾನಕ್ಕೆ ಒಂದೊಂದು ಮಗುವಿಗೂ ಒಂದು ಫೈಲ್ ಮಾಡಿ. ಯಾವ ವರ್ಷ ಏನು ಓದಿದರು ಅಂತ ಒಂದು ಪುಟ, ವರ್ಷದ ಕೊನೆಯ ಪರೀಕ್ಷೆಯ ಉತ್ತರ ಪತ್ರಿಕೆ, ಅವರೇ ಬರೆದ ಒಂದು ಪ್ರಬಂಧ. ಏಳು ವರ್ಷ ಒಂದು ಫೈಲಿನಲ್ಲಿ ಕೂರುತ್ತದೆ. ಮಿಕ್ಕದ್ದನ್ನು ಹಳೇ ಪೇಪರ್ ಅಂಗಡಿಯವರನ್ನು ಮನೆಗೇ ಕರೆಸಿ ತೂಕಕ್ಕೆ ಹಾಕಿ. ಬಂದ ದುಡ್ಡು ಎಷ್ಟೇ ಇರಲಿ, ಮಕ್ಕಳ ಕೈಯಲ್ಲಿ ಕೊಡಿ.

ನಾವೆಯ ವಿಷಯ ಬರೆಯುವಾಗ ನಿಮ್ಮ ಕೈ ನಡುಗಿರಬೇಕು. ಇಲ್ಲಿ ನೀವು ಮಾಡಿದ್ದು ತಪ್ಪು ಅಂತಲೇ ಹೇಳುತ್ತೇನೆ. ರಟ್ಟಿನ ನಾವೆ ಚೀಲ ಸೇರಿತು ಅಂತಲ್ಲ, ಅವನು ಮಲಗಿದ್ದಾಗ ಸೇರಿತು ಅಂತ. ಈಗ ಅವನು ಪ್ರತಿ ರಾತ್ರಿ ಮಲಗುವ ಮುಂಚೆ ತನ್ನ ಸಾಮಾನನ್ನು ಒಮ್ಮೆ ನೋಡಿಕೊಳ್ಳುತ್ತಿರಬೇಕು. ಹೆದರಿದ ಮಗು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಷಮೆ ಕೇಳಿ. 'ನಿನ್ನನ್ನು ಕೇಳದೆ ತೆಗೆದೆ, ಇನ್ನು ಮುಂದೆ ಕೇಳದೆ ತೆಗೆಯಲ್ಲ' ಅಂತ ಮಾತು ಕೊಡಿ. ಆ ಮಾತಿಗೆ ನಿಲ್ಲಿ, ಹಳೇ ಚಿಂದಿ ಕಾಗದವಾದರೂ ಸರಿ. ಆಮೇಲೆ ಮೂವರಿಗೂ ಒಂದೊಂದು ಪೆಟ್ಟಿಗೆ ಕೊಡಿ. ಒಂದೇ ಅಳತೆಯದು, ಮುಚ್ಚಳ ಇರುವಂಥದ್ದು. ಅದರಲ್ಲಿ ಏನು ಇರಬೇಕು ಅನ್ನೋದು ಪೂರ್ತಿ ಅವರ ತೀರ್ಮಾನ. ಮುಚ್ಚಳ ಮುಚ್ಚಬೇಕು, ಅಷ್ಟೇ ನಿಯಮ. ನೀವು ಇಟ್ಟುಕೊಳ್ಳುತ್ತಿದ್ದುದನ್ನು ಅವರು ಬಿಟ್ಟಾರು, ನಿಮಗೆ ಕಸ ಅನಿಸಿದ್ದನ್ನು ಎತ್ತಿಟ್ಟಾರು. ಬಾಯಿ ಹಾಕಬೇಡಿ. ಪೆಟ್ಟಿಗೆಯಲ್ಲಿ ಕೂರದ ದೊಡ್ಡ ವಸ್ತುಗಳನ್ನು ಅವರ ಕೈಯಲ್ಲೇ ಹಿಡಿಸಿ ಫೋಟೊ ತೆಗೆಯಿರಿ.

ಅತ್ತೆಯವರ ಟ್ರಂಕಿಗೆ ಮಾತ್ರ ನೀವು ಕೈ ಹಾಕಲೇಬೇಡಿ. ಇಡೀ ಒಂದು ಮನೆಯನ್ನು ಬಿಟ್ಟು ಬಂದವರು ಅವರು. ಆ ಎರಡು ಟ್ರಂಕೇ ಈಗ ಅವರ ಮನೆ. ಒಂದು ಮಧ್ಯಾಹ್ನ ದೊಡ್ಡವಳನ್ನು ಅವರ ಹತ್ತಿರ ಕಳಿಸಿ. 'ಅಜ್ಜೀ, ಇದು ಯಾರದ್ದು, ಇದು ಎಲ್ಲಿಂದ ಬಂತು' ಅಂತ ಕೇಳಿ ಬರೆದುಕೊಳ್ಳಲಿ. ಅದೇ ಆ ವಾರದ ಚರಿತ್ರೆ ಪಾಠ. ಮಂಗಳೂರಿನ ಮನೆತನದ ಟ್ರಂಕು ಅಂದಿರಿ. ಹಳೇ ಸಂಗೀತ ಪುಸ್ತಕ, ಪ್ರಾರ್ಥನೆ ಪುಸ್ತಕ ಸಿಕ್ಕರೆ ಮೊದಲ ಪುಟದಲ್ಲಿ ಎಲ್ಲಿ ಅಚ್ಚಾಗಿದೆ ಅಂತ ನೋಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ, ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ಅವರ ಅಚ್ಚುಕೂಟದಿಂದಲೇ. ಆ ಅಚ್ಚುಕೂಟದ ಹಳೇ ಪುಸ್ತಕವೇನಾದರೂ ಸಿಕ್ಕರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದವರನ್ನು ಕೇಳದೆ ಯಾರಿಗೂ ಕೊಡಬೇಡಿ. ಅಜ್ಜಿಯ ಕಥೆಗಳು ಮೊಮ್ಮಗಳ ನೋಟ್‌ಬುಕ್ಕಿಗೆ ಇಳಿದ ಮೇಲೆ ಟ್ರಂಕಿನ ಅರ್ಧ ಸಾಮಾನನ್ನು ಅವರೇ ಬಿಟ್ಟುಕೊಟ್ಟರೂ ಆಶ್ಚರ್ಯವಿಲ್ಲ. ಬಿಟ್ಟುಕೊಡದಿದ್ದರೆ ಟ್ರಂಕಿನ ಮೇಲೊಂದು ಚೆಂದದ ಬಟ್ಟೆ ಹಾಸಿ ಕೂರುವ ಜಾಗ ಮಾಡಿಕೊಳ್ಳಿ.

ಹರಿದುಹೋದ ಸತ್ಯವೇದಗಳು ನಿಮ್ಮಲ್ಲೂ ಇದ್ದೇ ಇರುತ್ತವೆ. ಅವುಗಳನ್ನು ತೂಕಕ್ಕೆ ಹಾಕೋಕೆ ಯಾರಿಗೂ ಮನಸ್ಸು ಬರಲ್ಲ, ನಾಳೆ ಕೀರ್ತನೆಯ ಪುಟದಲ್ಲಿ ಕಡಲೆಕಾಯಿ ಕಟ್ಟಿಕೊಟ್ಟಾರು ಅಂತ. ಓದಲು ಬರುವಂಥವನ್ನು ಸಭಾಪಾಲಕರ ಕೈಗೆ ಕೊಡಿ. ತೀರಾ ಹಾಳಾದದ್ದನ್ನು ಊರಿಗೆ ಹೋದಾಗ ತೋಟದ ಮಣ್ಣಿನಲ್ಲಿ ಹೂತುಬಿಡಿ, ಮಕ್ಕಳೂ ಜೊತೆಗಿರಲಿ.

ನನ್ನ ತಾಯಿ ತೀರಿಕೊಂಡ ಮೇಲೆ ಅವರ ಮನೆ ಖಾಲಿ ಮಾಡಿದವಳು ನಾನು. ಒಂಬತ್ತು ದಿನ ಹಿಡಿಯಿತು. ಸ್ಟೀಲ್ ಪಾತ್ರೆ, ಸೀರೆ, ಕ್ಯಾಲೆಂಡರ್ ಎಲ್ಲ ಹಂಚಿಹೋಯಿತು. ನಾನು ತಂದದ್ದು ಹಾಲಿನ ಲೆಕ್ಕದ ಒಂದು ಪುಸ್ತಕ. ಮುಂದಿನಿಂದ ಅರ್ಧ ಲೀಟರ್, ಒಂದು ಲೀಟರ್ ಅಂತ ಗೆರೆ ಗೆರೆ ಲೆಕ್ಕ. ಹಿಂದಿನಿಂದ ತಿರುಗಿಸಿದರೆ ಅಮ್ಮ ಪ್ರಾರ್ಥನೆ ಮಾಡುತ್ತಿದ್ದವರ ಹೆಸರುಗಳು. ಉತ್ತರ ಸಿಕ್ಕ ಹೆಸರಿನ ಪಕ್ಕ ಸಣ್ಣ ಶಿಲುಬೆ. ನನ್ನ ಹೆಸರಿನ ಪಕ್ಕ ನಾಲ್ಕು ಶಿಲುಬೆ ಇದ್ದವು. ಆ ಮನೆಯಲ್ಲಿದ್ದ ಅಷ್ಟೂ ಸಾಮಾನಿನಲ್ಲಿ ನನಗೆ ಬೇಕಾಗಿದ್ದದ್ದು ಆ ಒಂದು ಪುಟ. ಅದು ಸಿಗುವ ಮುಂಚೆ ಎಂಟು ದಿನ ಬೇರೆಯದನ್ನೇ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿತ್ತು. ನಿಮ್ಮ ಮಕ್ಕಳಿಗೆ ಆ ಪುಟ ಬೇಗ ಸಿಗುವ ಹಾಗೆ ಮಾಡಿ.

ನಿಮ್ಮ ಗಂಡ ಎಲ್ಲಾ ಬಿಸಾಕು ಅಂದು ಆಫೀಸಿಗೆ ಹೋದರೆ ಸಾಲದು. ನಾಲ್ಕು ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ತನಕ ಅವರು ಮನೆಯಲ್ಲಿ ಇರಲಿ, ಅಷ್ಟು ಕೇಳಿ. ಮೊದಲ ಶನಿವಾರ ಅವರ ಹಳೇ ವೈರು, ಚಾರ್ಜರ್, ಕಾಲೇಜಿನ ನೋಟ್ಸುಗಳಿಂದಲೇ ಶುರುವಾಗಲಿ. ಅಪ್ಪ ತನ್ನದನ್ನು ಬಿಡುವುದನ್ನು ಮಕ್ಕಳು ನೋಡಲಿ. ಹನ್ನೆರಡಾದರೆ ಎಲ್ಲಿದೆಯೋ ಅಲ್ಲಿಗೆ ನಿಲ್ಲಿಸಿ ಊಟ ಮಾಡಿ. ಇನ್ನು ಪ್ರತಿ ವರ್ಷ ಏಪ್ರಿಲ್‌ನ ಎರಡನೇ ವಾರ ನಿಮ್ಮ ಮನೆಯಲ್ಲಿ ಪಾಠ ಇಲ್ಲ. ಆ ವಾರ ಚಾರ್ಟು ಇಳಿಯುತ್ತದೆ, ಫೈಲಿಗೆ ಹೋಗುವುದು ಹೋಗುತ್ತದೆ, ಪೆಟ್ಟಿಗೆಯ ಮುಚ್ಚಳ ಮುಚ್ಚುತ್ತದಾ ಅಂತ ನೋಡುತ್ತೀರಿ, ಪೇಪರ್ ಅಂಗಡಿಯವರು ಬರುತ್ತಾರೆ. ಕೊನೆಯ ದಿನ ಮಾವಿನಹಣ್ಣು ತನ್ನಿ.

ಇನ್ನು ಆ ಶುಕ್ರವಾರ. ಮನೆ ನೆಟ್ಟಗಾದ ಮೇಲೆ ಕರೆಯೋಣ ಅಂತ ಕಾಯಬೇಡಿ. ಬರುವ ವಾರವೇ ಕರೆಯಿರಿ. ಟೇಬಲ್ ಮೇಲಿರುವುದನ್ನೆಲ್ಲ ಬೆಡ್‌ರೂಮಿನ ಮಂಚಕ್ಕೆ ಸಾಗಿಸಿ ಬಾಗಿಲು ಮುಚ್ಚಿ, ಹಾಲ್‌ನಲ್ಲಿ ಒಂದು ಜಮಖಾನ ಹಾಸಿ. ಎಂಟು ಜನ ಕೂರಲು ಅದು ಸಾಕು. ಕಾಫಿ, ಒಂದು ತಟ್ಟೆ ಚಕ್ಕುಲಿ ಇಟ್ಟರೆ ಆಯಿತು. ಅವರು ನಿಮ್ಮ ಕಪಾಟು ನೋಡಲು ಬರುತ್ತಿದ್ದವರಲ್ಲ. ಎಂಟು ತಿಂಗಳಿಂದ ಯಾಕೆ ಕರೆದಿಲ್ಲ ಅಂತ ಅವರಲ್ಲಿ ಯಾರೋ ಒಬ್ಬರು ನಿಮಗಾಗಿ ಪ್ರಾರ್ಥನೆ ಮಾಡುತ್ತಲೇ ಇದ್ದಾರೆ ಅಂತ ನನ್ನ ನಂಬಿಕೆ.

ಕೂಟಕ್ಕೆ ಮುಂಚೆ ಮಗನನ್ನು ಕರೆದು, ನಾವೆಯನ್ನು ಎಲ್ಲಿಡೋಣ ಅಂತ ಕೇಳಿ. ಅವನು ತೋರಿಸಿದ ಜಾಗದಲ್ಲೇ ಇಡಿ.

ಪ್ರೀತಿಯಿಂದ,
ನಿಮ್ಮ ಅಕ್ಕ